ಸೊಟ್ಟ ಮಸೀದಿಯ ನೆಟ್ಟನೆ ನಕ್ಷೆ

ಗುಂಡ್ಲುಪೇಟೆಗೆ ಹೋಗುವ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ನಿಂತ ಜಾಗಕ್ಕೆ ಆನೆ ಬರಬಹುದಿತ್ತು. ಆನೆ ಏನಿದ್ದರೂ ಹಂಗಳದಿಂದ ಆಚೆಗೆ ಎಂದು ಎಲ್ಲರೂ ಹೇಳಿದ್ದರು ನಿಜ, ಆದರೆ ಆ ಗಡಿಯನ್ನು ಆನೆಗೆ ಯಾರೂ ತೋರಿಸಿಕೊಟ್ಟಂತಿರಲಿಲ್ಲ. ಇಲಾಖೆಯ ನೂರಡಿ ಅಳತೆ ಸರಪಳಿ ಕಳೆದುಹೋಗಬಹುದಿತ್ತು. ಹೊಸ ಊರಿನ ನೀರಿಗೆ ಚಳಿಜ್ವರ ಹತ್ತಬಹುದಿತ್ತು. ನಾನು ನಿದ್ದೆಯಲ್ಲಿ ಬಡಬಡಿಸುವುದನ್ನು ಕೇಳಿದ ಮನೆಯವರು ಬೆಳಗಾಗುವುದರೊಳಗೆ ಬೇರೆ ಕೋಣೆ ನೋಡಿಕೊಳ್ಳಪ್ಪ ಎನ್ನಬಹುದಿತ್ತು. ಅಳೆಯಲು ಹೋದ ಮಸೀದಿಯ ಗುಮ್ಮಟ, ಅಷ್ಟು ವರ್ಷ ಸುಮ್ಮನಿದ್ದದ್ದು, ಸರಿಯಾಗಿ ನಾನು ಕೆಳಗೆ ನಿಂತಾಗಲೇ ಕುಸಿಯಬಹುದಿತ್ತು. ಮಸೀದಿಯವರು ನನ್ನನ್ನು ಕೆಡವಲು ಬಂದವನೆಂದು ತಿಳಿಯಬಹುದಿತ್ತು. ಇನ್ನೂ ಕೆಟ್ಟದ್ದೆಂದರೆ ಅವರು ತಿಳಿದದ್ದೇ ಸರಿಯಾಗಿರಬಹುದಿತ್ತು. ಕೊನೆಗೆ, ಎರಡು ವರ್ಷದ ಪರೀಕ್ಷಾ ಅವಧಿಯ ನೌಕರಿ ಖಾಯಂ ಆಗದೆ, ನಾನು ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಟ್ರಂಕಿನ ಸಮೇತ ಇಳಿಯುವುದನ್ನು ನಮ್ಮ ಬೀದಿಯವರೆಲ್ಲ ನೋಡಬಹುದಿತ್ತು.

ಇದೆಲ್ಲ ಮತ್ತೆ ನೆನಪಾದದ್ದು ಹೋದ ವಾರ. ಚಾಮರಾಜನಗರದಲ್ಲಿ ನಮ್ಮ ಮನೆಯ ಹಿಂದಿನ ಹಳೆಯ ಛತ್ರದ ಗೋಡೆಗೆ ಗಾರೆ ಮಾಡುತ್ತಿದ್ದಾರೆ. ಸಿಮೆಂಟಲ್ಲ, ಹಳೆಯ ಕಾಲದ ಸುಣ್ಣದ ಗಾರೆ. ಅರಳಿದ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ರುಬ್ಬಿದಾಗ ಒಂದು ವಾಸನೆ ಬರುತ್ತದೆ. ಅರ್ಧ ಔಷಧದಂಗಡಿ, ಅರ್ಧ ಆಲೆಮನೆ. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ನಲವತ್ತೇಳು ವರ್ಷದ ನಾನು ಕಾಫಿ ಲೋಟ ಹಿಡಿದುಕೊಂಡು ಇಪ್ಪತ್ತಾರರವನಾಗಿ ಕುಳಿತುಬಿಟ್ಟೆ. ರಾಜ್ಯಗಳೆಲ್ಲ ಹೊಸದಾಗಿ ಕೂಡಿಕೊಳ್ಳುವ ಮಾತು ಎಲ್ಲರ ಬಾಯಲ್ಲೂ ಇದ್ದ ಕಾಲ ಅದು. ಕಾರ್ತಿಕದಲ್ಲಿ ಹೋಗಿ ಶಿವರಾತ್ರಿ ಮುಗಿಸಿಕೊಂಡು ಬಂದೆ. ಒಂದೇ ಚಳಿಗಾಲ.

ನನ್ನ ಕೆಲಸ ಹೇಳಲಿಕ್ಕೆ ಬಹಳ ಸುಲಭ. ಗುಂಡ್ಲುಪೇಟೆಯ ಅಂಚಿನಲ್ಲಿ ಊಟಿಯ ಕಡೆಗೆ ಹೋಗುವ ರಸ್ತೆ ಒಂದು ಕಡೆ ಸೊಂಟ ತಿರುಗಿಸಿಕೊಂಡು ಹೋಗುತ್ತಿತ್ತು. ಆ ತಿರುವನ್ನು ನೇರ ಮಾಡಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ತಿರುವಿನ ಪೂರ್ವಕ್ಕೆ ಒಂದು ಹಳೆಯ ಮಸೀದಿ, ಪಶ್ಚಿಮಕ್ಕೆ ಒಂದು ಬಾವಿ ಮತ್ತು ಅರಿಸಿನದ ಹೊಲ. ಇವೆಲ್ಲವನ್ನೂ ಅಳೆದು ನಕ್ಷೆ ಬರೆದು ಮೈಸೂರಿಗೆ ಕಳಿಸುವುದು ಓವರ್ಸೀಯರ್ ಆದ ನನ್ನ ಪಾಲಿಗೆ ಬಂದಿತ್ತು.

ನಾನು ಉಳಿದುಕೊಂಡದ್ದು ನಂಜುಂಡಪ್ಪನವರ ಮನೆಯ ಜಗಲಿ ಕೋಣೆಯಲ್ಲಿ. ಅರಿಸಿನ ಬೆಳೆದು ಮಾರುವವರು, ಬೆಳಿಗ್ಗೆ ಲಿಂಗಪೂಜೆ ಆಗದೆ ಒಂದು ತೊಟ್ಟು ನೀರು ಕುಡಿಯದವರು, ಮಾತಿನಲ್ಲಿ ಒರಟು, ನಾನು ಊಟಕ್ಕೆ ಕೂತರೆ ಎಲೆಯ ಕಡೆಯೇ ಕಣ್ಣಿಟ್ಟು ಬಡಿಸುವವರು. ಅವರ ಮನೆಗೆ ಬಂದ ಮೂರನೆಯ ದಿನ ಗೊತ್ತಾಯಿತು, ರಸ್ತೆಯ ಪಶ್ಚಿಮಕ್ಕಿರುವ ಬಾವಿಯೂ ಹೊಲವೂ ಅವರದೇ ಎಂದು. ನಾನು ಅಳೆಯಬೇಕಾದ ಬಾವಿಯ ನೀರನ್ನೇ ಮೂರು ದಿನದಿಂದ ಕುಡಿಯುತ್ತಿದ್ದೆ. ಆವತ್ತು ಜ್ವರದ ಭಯ ಹೋಗಿ ಅದಕ್ಕಿಂತ ದೊಡ್ಡ ಭಯ ಬಂತು.

ಮಸೀದಿ ಚಿಕ್ಕದು. ಒಂದು ಗುಮ್ಮಟ, ಮೂರು ಕಮಾನು, ಮುಂದೆ ಒಂದು ಅಂಗಳ. ರಸ್ತೆಗೆ ಬೆನ್ನು ಮಾಡಿಕೊಂಡಿತ್ತು. ಉತ್ತರದ ತುದಿಯಲ್ಲಿ ರಸ್ತೆಗೆ ತೆರೆದ ಬಾಗಿಲು. ಅದರೊಳಗೆ ಹೋದರೆ ಒಂದು ಸಣ್ಣ ಓಣಿ, ಓಣಿ ಬಳಸಿ ಅಂಗಳಕ್ಕೆ, ಅಂಗಳದಿಂದ ತಿರುಗಿ ಹಜಾರಕ್ಕೆ. ಊರಿನವರು ಅದನ್ನು ಸೊಟ್ಟ ಮಸೀದಿ ಎನ್ನುತ್ತಿದ್ದರು. ಯಾಕೆ ಸೊಟ್ಟ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೊರಗಿನಿಂದ ನೋಡಿದರೆ ರಸ್ತೆಯ ಗೋಡೆ ದಾರ ಹಿಡಿದಷ್ಟು ನೆಟ್ಟಗಿತ್ತು. ಹಿಂದೆ ಕುದುರೆ ವ್ಯಾಪಾರಿಗಳ ಜೊತೆ ಪಾರಸ ದೇಶದಿಂದ, ಎಂದರೆ ಇರಾನಿನಿಂದ, ಬಂದ ಒಬ್ಬ ಮೇಸ್ತ್ರಿ ಕಟ್ಟಿದ್ದು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಒಳಗೆ, ಪ್ರಾರ್ಥನೆಗೆ ಮುಖ ಮಾಡಿ ನಿಲ್ಲುವ ಗೋಡೆಯಲ್ಲಿ ಒಂದು ಗೂಡು. ಮೆಹರಾಬು ಎನ್ನುತ್ತಾರೆ. ಅದರ ನೆತ್ತಿಯಲ್ಲಿ ಜೇನುಗೂಡಿನಂತೆ ಒಂದರ ಮೇಲೊಂದು ಹೊರಚಾಚಿದ ಗಚ್ಚಿನ ಪುಟ್ಟ ಪುಟ್ಟ ಗೂಡುಗಳು. ಸುತ್ತ ನೀಲಿ ಚೂರುಗಳ ಅಂಚು. ಹತ್ತಿರ ಹೋಗಿ ನೋಡಿದರೆ ಅವು ಒಡೆದ ಗಾಜಿನ ಬಳೆಗಳು. ಪಾರಸದವನಿಗೆ ತನ್ನ ಊರಿನ ನೀಲಿ ಹೆಂಚು ಇಲ್ಲಿ ಸಿಗಲಿಲ್ಲ, ಬಳೆಗಾರ ಸಿಕ್ಕಿದ.

ಮಸೀದಿಯನ್ನು ನೋಡಿಕೊಳ್ಳುತ್ತಿದ್ದವರು ಮುನ್ಷಿ ಸಾಹೇಬರು. ಎಪ್ಪತ್ತು ದಾಟಿದವರು. ಹಿಂದೆ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದರು. ಫಾರಸಿ ಬಲ್ಲವರು ಆ ಸುತ್ತಿನಲ್ಲಿ ಅವರೊಬ್ಬರೇ. ನಾನು ಸರಪಳಿ ಬಿಚ್ಚುವ ಮೊದಲೇ ಚಹಾ ತಂದುಕೊಟ್ಟರು. ಏನು ಅಳೆಯುತ್ತೀರಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಂದು ಸುಳ್ಳು ತಯಾರಿಟ್ಟುಕೊಂಡಿದ್ದೆ.

ಸರಪಳಿಯ ಇನ್ನೊಂದು ತುದಿ ಹಿಡಿಯಲು ನನಗೆ ಸಿಕ್ಕಿದವನು ಗಾರೆ ಮೇಸ್ತ್ರಿ ಮಾದಪ್ಪ. ನನಗಿಂತ ಹದಿನೈದು ವರ್ಷ ದೊಡ್ಡವನು. ಬೆಳಗಿನ ಮಂಜಿನಲ್ಲಿ, ನೀಲಗಿರಿಯ ಕಡೆಯಿಂದ ಬೀಸುವ ಗಾಳಿಗೆ ಕಿವಿಗೆ ವಸ್ತ್ರ ಸುತ್ತಿಕೊಂಡು ಇಬ್ಬರೂ ಅಳೆಯಲು ಶುರುಮಾಡಿದೆವು. ಹೊರಗಿನ ಅಳತೆ ಆಯಿತು. ಒಳಗಿನದೂ ಆಯಿತು. ಎರಡನ್ನೂ ಕೂಡಿಸಿದಾಗ ತಾಳೆಯಾಗಲಿಲ್ಲ. ರಸ್ತೆ ಬದಿಯ ಗೋಡೆ ದಕ್ಷಿಣದ ತುದಿಯಲ್ಲಿ ಮೂರಡಿ ದಪ್ಪ, ಉತ್ತರದ ತುದಿಯಲ್ಲಿ ಹದಿನಾರು ಅಡಿ ದಪ್ಪ ಎಂದು ಲೆಕ್ಕ ಹೇಳುತ್ತಿತ್ತು. ಹದಿನಾರು ಅಡಿ ದಪ್ಪದ ಗೋಡೆಯನ್ನು ಕೋಟೆಗೂ ಕಟ್ಟುವುದಿಲ್ಲ. ಮತ್ತೆ ಅಳೆದೆವು. ಹದಿನಾರು. ದಿಕ್ಸೂಚಿ ಇಟ್ಟು ನೋಡಿದೆ. ಒಳಗಿನ ಗೋಡೆ ಹೊರಗಿನ ಗೋಡೆಗಿಂತ ಇಪ್ಪತ್ತು ಡಿಗ್ರಿ ತಿರುಗಿದೆ ಎಂದು ಮುಳ್ಳು ತೋರಿಸಿತು.

“ಸಾಮಿ, ಗೋಡೆ ಸುಳ್ಳೇಳ್ತಾ ಅದೋ, ಸರಪಣಿ ಸುಳ್ಳೇಳ್ತಾ ಅದೋ?” ಎಂದು ಮಾದಪ್ಪ ಕೇಳಿದ.

ಎರಡೂ ಅಲ್ಲ, ಸುಳ್ಳು ಹೇಳುತ್ತಿರುವವನು ನಾನೇ ಇರಬೇಕು ಎಂದು ನನಗೆ ಖಾತ್ರಿಯಾಗಿತ್ತು. ಚಿಂತೆ ಮಾಡುವ ಮನುಷ್ಯನ ದೊಡ್ಡ ದೋಷವೆಂದರೆ ಲೋಕದಲ್ಲಿ ಏನೇ ಡೊಂಕು ಕಂಡರೂ ಅದು ತನ್ನ ಕೈಯಿಂದಲೇ ಆದದ್ದು ಎಂದುಕೊಳ್ಳುವುದು. ಸರಪಳಿಯ ಕೊಂಡಿ ಸಡಿಲವಾಗಿರಬೇಕು. ದಿಕ್ಸೂಚಿಯ ಮುಳ್ಳನ್ನು ನನ್ನ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲು ಎಳೆದಿರಬೇಕು. ಅಮ್ಮ ಕೊಟ್ಟ ಗೊಂಚಲು. ಟ್ರಂಕಿನದು, ಕೋಣೆಯದು, ಮನೆಯ ಬೀರುವಿನದು, ಯಾವುದಕ್ಕೂ ಸೇರದ ಇನ್ನೆರಡು. ಅದನ್ನು ತೆಗೆದಿಟ್ಟು ಮತ್ತೊಮ್ಮೆ ನೋಡಬಹುದಿತ್ತು. ತೆಗೆದಿಟ್ಟರೆ ಮರೆತು ಬರುವೆನೇನೋ ಎಂಬ ಭಯಕ್ಕೆ ತೆಗೆಯಲಿಲ್ಲ.

ಆ ವಾರ ಕೋಣೆಯಲ್ಲಿ ಕುಳಿತು ನಕ್ಷೆ ಬರೆದೆ. ದಕ್ಷಿಣದ ತುದಿಯ ಕಿಟಕಿಯಲ್ಲಿ ಗೋಡೆ ಮೂರಡಿ ಎಂದು ಕಣ್ಣಿಗೇ ಕಾಣುತ್ತಿತ್ತಲ್ಲ, ಅದನ್ನೇ ನಂಬಿ ಉದ್ದಕ್ಕೂ ಮೂರಡಿ ಎಂದು ಎಳೆದೆ. ಹಜಾರವನ್ನು ರಸ್ತೆಗೆ ಸಮನಾಗಿ ತಿರುಗಿಸಿದೆ. ನಾಲ್ಕೂ ಮೂಲೆ ಮೂಲೆಮಟ್ಟಕ್ಕೆ, ಸರಿಯಾದ ಲಂಬಕೋನಕ್ಕೆ, ಕೂತವು. ಅಷ್ಟು ಚೆಂದದ ನಕ್ಷೆಯನ್ನು ನಾನು ಅದಕ್ಕೆ ಮುಂಚೆಯೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಮೈಸೂರಿಗೆ ಕಳಿಸಿದೆ.

ಪುಷ್ಯ ಹುಟ್ಟುವ ಹೊತ್ತಿಗೆ ಉತ್ತರ ಬಂತು. ತಿರುವು ನೇರವಾಗಲು ಪೂರ್ವದ ಕಡೆಯಿಂದ ಒಂದು ಪಟ್ಟಿ ಜಾಗ ಬೇಕು. ದಕ್ಷಿಣದ ತುದಿಯಲ್ಲಿ ಏನೂ ಬೇಡ, ಉತ್ತರಕ್ಕೆ ಹೋದಂತೆ ಅಗಲವಾಗುತ್ತ ಕೊನೆಗೆ ಹನ್ನೆರಡು ಅಡಿ. ನನ್ನ ನಕ್ಷೆಯ ಪ್ರಕಾರ ಆ ಪಟ್ಟಿ ಮೂರಡಿಯ ಗೋಡೆಯನ್ನು ಸೀಳಿಕೊಂಡು ಹಜಾರದ ಒಳಕ್ಕೆ ಬರುತ್ತಿತ್ತು. ಮೆಹರಾಬು ಸರಿಯಾಗಿ ಅದರೊಳಗೆ. ಸುಣ್ಣದ ಗೆರೆ ಹಾಕಿ ಸ್ಥಳದಲ್ಲಿ ತೋರಿಸಿರಿ, ತಿಂಗಳೊಳಗೆ ದೊಡ್ಡ ಇಂಜಿನಿಯರು ಬಂದು ನೋಡಿ ಅಪ್ಪಣೆ ಕೊಡುತ್ತಾರೆ ಎಂದಿತ್ತು.

ಗೆರೆ ಹಾಕಲು ಹೋದ ದಿನ ಮುನ್ಷಿ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ನಾನು ಮೈಸೂರಿನ ಕಾಗದವನ್ನು ಓದಿ ಹೇಳಿದೆ.

“ನೀವು ನಿಮ್ಮ ಕೆಲಸ ಮಾಡಿದ್ರಿ ಸಾಬ್,” ಎಂದರು. “ಗೆರೆ ಒಳಗೆ ಎಲ್ಲೀವರೆಗೆ ಬರುತ್ತೆ, ಅಷ್ಟು ತೋರಿಸಿಬಿಡಿ. ಚಾಪೆ ಎಲ್ಲಿಂದ ಹಾಸಬೇಕು ಅಂತ ಗೊತ್ತಾಗಬೇಕಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸುದ್ದಿ ಊರಲ್ಲಿ ಹರಡಿತು. ಮಸೀದಿಗೆ ಬರುತ್ತಿದ್ದ ಹತ್ತಾರು ಮನೆಯವರು ರಸ್ತೆಯನ್ನು ಪಶ್ಚಿಮಕ್ಕೆ ಸರಿಸಿ ಎಂದು ಅರ್ಜಿ ಬರೆದರು. ಪಶ್ಚಿಮಕ್ಕೆ ಸರಿಸಿದರೆ ನಂಜುಂಡಪ್ಪನವರ ಬಾವಿ ರಸ್ತೆಯ ನಡುವೆ ಬರುತ್ತಿತ್ತು. ಅರಿಸಿನ ಕಿತ್ತು ಬೇಯಿಸುವ ದಿನಗಳು ಅವು. ಊರೆಲ್ಲ ಆ ಹಬೆಯ ಘಾಟು. ಕೊಪ್ಪರಿಗೆಯ ಮುಂದೆ ನಿಂತು ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ ನಂಜುಂಡಪ್ಪನವರು ನನ್ನನ್ನು ಹತ್ತಿರ ಕರೆದರು.

“ನೋಡಪ್ಪ, ಮಸೀದಿ ಒಡೀರಿ ಅಂತ ನಾ ಯೋಳಾಕಿಲ್ಲ. ನಮ್ಮಪ್ಪನೂ ಮುನ್ಸಿ ಸಾಬ್ರೂ ಒಟ್ಗೆ ಓದೋರು. ಆದ್ರೆ ಬಾವಿ ಮುಚ್ಬುಟ್ರೆ ನಾಕು ಕೇರಿ ಜನ ನೀರ್ಗೆ ಎಲ್ಲೋಗದು? ಬರ್ದಿರೋನು ನೀನು. ಬರ್ದದ್ದು ಬರ್ದಂಗೇ ಇರ್ಲಿ ಬುಡು.”

ಬೆದರಿಕೆ ಇರಲಿಲ್ಲ ಅದರಲ್ಲಿ. ಆವತ್ತಿನ ಊಟಕ್ಕೂ ಅವರೇ ಬಡಿಸಿದರು. ಅವರೆಕಾಯಿ ಹುಳಿಯ ರುಚಿಯೇ ತಿಳಿಯಲಿಲ್ಲ ನನಗೆ. ಮಸೀದಿಯೋ ಬಾವಿಯೋ ಎಂಬ ಪ್ರಶ್ನೆಯಲ್ಲಿ ಯಾವ ಕಡೆ ಬಿದ್ದರೂ ಒಬ್ಬರ ಉಪ್ಪು ತಿಂದು, ಇನ್ನೊಬ್ಬರ ಚಹಾ ಕುಡಿದು ಮೋಸ ಮಾಡಿದಂತೆಯೇ.

ಮರುದಿನ ಮಧ್ಯಾಹ್ನ ಮಸೀದಿಗೆ ಹೋದೆ, ಕೆಲಸವೇನೂ ಇರಲಿಲ್ಲ. ಮೆಹರಾಬಿನ ಮೇಲಿದ್ದ ಅಕ್ಷರಗಳನ್ನು ಅದು ಒಡೆದುಹೋಗುವ ಮುಂಚೆ ಬರೆದಿಟ್ಟುಕೊಳ್ಳೋಣ ಎಂದು ಮುನ್ಷಿ ಸಾಹೇಬರು ಮಾದಪ್ಪನಿಂದ ಹಳೆಯ ಸುಣ್ಣ ಕೆರೆಸುತ್ತಿದ್ದರು. ಪದರ ಪದರ ಸುಣ್ಣ. ಅದರ ಜೊತೆ ಅಕ್ಷರಗಳೂ ಉದುರುತ್ತಿದ್ದವು. ಕಟ್ಟಿದವನ ಹೆಸರಿಲ್ಲ, ವರ್ಷವಿಲ್ಲ. ಕೊನೆಗೆ ಒಂದೇ ಒಂದು ಮಾತು ಪೂರ್ತಿಯಾಗಿ ಉಳಿದಿತ್ತು. ಸಾಹೇಬರು ಕನ್ನಡಕ ಒರೆಸಿಕೊಂಡು ಓದಿದರು: ರಾಸ್ತ್.

ಅಂದರೇನು ಎಂದೆ. ನೆಟ್ಟಗೆ ಎಂದರು. ನಿಜ ಎಂದೂ ಆಗುತ್ತದೆ. ಆಮೇಲೆ ಸ್ವಲ್ಪ ನಕ್ಕು, ನೀವು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಲ್ಲಿ ಇಟ್ಟುಕೊಂಡಿರುವ ರಸ್ತೆ ಅದರ ಮೊಮ್ಮಗಳು ಎಂದರು. ಅದೊಂದೇ ಅಲ್ಲ, ಬುನಾದಿ, ಗಚ್ಚು, ಕಮಾನು, ಗುಮ್ಮಟ ಎಲ್ಲವೂ ಫಾರಸಿಯೇ ಎಂದಾಗ ಮಾದಪ್ಪ ಕರಣೆ ಹಿಡಿದ ಕೈ ಹಾಗೇ ನಿಲ್ಲಿಸಿದ.

“ಅಂಗಾರೆ ನಮ್ಮಪ್ಪ ನಮ್ ತಾತ ಎಲ್ಲಾ ಪಾರಸೀಲೇ ಗೋಡೆ ಕಟ್ಟವ್ರೆ ಅನ್ನಿ. ಕೂಲಿ ಕೇಳದು ಮಾತ್ರ ಕನ್ನಡದಲ್ಲಿ.”

ನನಗೆ ನಗು ಬರಲಿಲ್ಲ. ನೆಟ್ಟಗೆ ಎಂದು ಬರೆದುಕೊಂಡಿರುವ ಕಟ್ಟಡಕ್ಕೆ ಊರೆಲ್ಲ ಸೊಟ್ಟ ಎನ್ನುತ್ತಾರಲ್ಲ ಎಂದು ಕೇಳಿದೆ. ಸಾಹೇಬರು ಎದ್ದು ಪಕ್ಕದ ಗೋಡೆಯ ಕಡೆ ಹೋದರು. ಗೂಡಿನಿಂದ ಒಂದು ಪುಸ್ತಕ ತೆಗೆದರು, ಅದರ ನಡುವಿನಿಂದ ಒಂದು ಚಿತ್ರದ ಕಾರ್ಡು. ಯುದ್ಧದ ಕಾಲದಲ್ಲಿ ಪಟಾಲಮಿನ ಜೊತೆ ಪಾರಸ ದೇಶಕ್ಕೆ ಹೋಗಿದ್ದ ಅವರ ತಮ್ಮ ಇಸ್ಫಹಾನಿನಿಂದ ಕಳಿಸಿದ್ದು. ಅಲ್ಲಿನ ಷಾ ದೊರೆಗಳ ಕಾಲದ ದೊಡ್ಡ ಮಸೀದಿ. ಎದುರಿಗೆ ವಿಶಾಲವಾದ ಮೈದಾನ, ಮೈದಾನದ ಅಂಚಿನಲ್ಲಿ ಆಕಾಶಕ್ಕೆ ಬಾಯಿ ತೆರೆದಂಥ ಹೆಬ್ಬಾಗಿಲು, ಎರಡು ಮಿನಾರು. ಒಳಗೆ ಒಂದು ದೊಡ್ಡ ಅಂಗಳವಿದೆ, ಅದರ ನಾಲ್ಕು ಕಡೆಗೂ ಐವಾನು ಎನ್ನುವ ಎತ್ತರದ ಕಮಾನಿನ ಚಾವಡಿಗಳು, ಗೋಡೆ ತುಂಬ ಏಳು ಬಣ್ಣದ ಹೆಂಚು ಎಂದು ವಿವರಿಸಿದರು. ಗುಮ್ಮಟ ಒಂದಲ್ಲ, ಒಂದರ ಮೇಲೊಂದು ಕವುಚಿದ ಎರಡು. ಅದರ ಕೆಳಗೆ ನಿಂತು ನೆಲಕ್ಕೆ ಕಾಲು ಬಡಿದರೆ ಸದ್ದು ಮತ್ತೆ ಮತ್ತೆ ಮರಳಿ ಬರುತ್ತದಂತೆ. ಅದನ್ನು ಕಟ್ಟುವಾಗ ಷಾಗೆ ಅವಸರ. ಬುನಾದಿ ಕುಳಿತುಕೊಳ್ಳಲು ಕಾಲ ಬೇಕು ಎಂದರೆ ಕೇಳಲೊಲ್ಲ. ಮೇಸ್ತ್ರಿ ಅಳತೆಯ ಸರಪಳಿ ಎತ್ತಿಕೊಂಡು ಓಡಿಹೋಗಿ, ಬುನಾದಿ ಕುಳಿತ ಮೇಲೆ ತಿರುಗಿ ಬಂದನೆಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ ತಿಳಿಯದು ಎಂದರು ಸಾಹೇಬರು. ನನಗಂತೂ ಆ ಮೇಸ್ತ್ರಿಯ ಮೇಲೆ ಬಹಳ ಪ್ರೀತಿ ಹುಟ್ಟಿತು. ನನ್ನ ಹತ್ತಿರವೂ ಒಂದು ಸರಪಳಿ ಇತ್ತು.

ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಏನೋ ಸರಿಯಿಲ್ಲ. ಹೆಬ್ಬಾಗಿಲ ಹಿಂದೆ ನೇರವಾಗಿ ಇರಬೇಕಾದ ಗುಮ್ಮಟ ಪಕ್ಕಕ್ಕೆ ಸರಿದು ನಿಂತಿತ್ತು. ಫೋಟೋ ತೆಗೆದವನು ಓರೆಯಾಗಿ ನಿಂತಿರಬೇಕು ಎಂದೆ.

“ತೆಗೆದವನು ನೆಟ್ಟಗೇ ನಿಂತಿದಾನೆ ಸಾಬ್. ಬಾಗಿಲು ಮೈದಾನಕ್ಕೆ ಮುಖ ಮಾಡಿದೆ, ಮೈದಾನ ಬಾದಶಾಹರದ್ದು. ಒಳಗಿನ ಮನೆ ಮಕ್ಕಾದ ಕಾಬಾಕ್ಕೆ ಮುಖ ಮಾಡಿದೆ. ನಡುವೆ ಒಂದು ಓಣಿ ಇದೆ. ಅದರಲ್ಲಿ ನಡೆಯೋನು ತಾನು ತಿರುಗಿದೀನಿ ಅಂತ ತನಗೇ ಗೊತ್ತಾಗದ ಹಾಗೆ ತಿರುಗಿರ್ತಾನೆ.”

ಸಾಹೇಬರು ಮೆಲ್ಲಗೆ ಮಾತು ಮುಂದುವರಿಸಿದರು. ನಮ್ಮ ಕಡೆ ಎಲ್ಲರೂ ಪಡುವಣಕ್ಕೆ ತಿರುಗಿ ನಿಲ್ಲುತ್ತಾರೆ, ಅದು ಸಾಕು, ತಪ್ಪೇನಿಲ್ಲ. ಆದರೆ ಲೆಕ್ಕ ಹಾಕಿದರೆ ಕಾಬಾ ಇಲ್ಲಿಗೆ ಪಡುವಣದಿಂದ ತುಸು ಬಡಗಲಿಗೆ ಬರುತ್ತದೆ. ಎಷ್ಟು ಎಂದು ಕೇಳಿದೆ. ಅದನ್ನೆಲ್ಲ ನಾನು ಬಲ್ಲೆನೆ, ಓದಿದವರು ಇಪ್ಪತ್ತು ಡಿಗ್ರಿ ಅನ್ನುತ್ತಾರೆ ಎಂದರು.

ಬೀಗದ ಕೈ ಗೊಂಚಲನ್ನು ಬಿಚ್ಚಿ ಚಾಪೆಯ ಮೇಲಿಟ್ಟೆ. ದಿಕ್ಸೂಚಿ ತೆಗೆದು ನೋಡಿದೆ. ಇಪ್ಪತ್ತು. ಗೊಂಚಲನ್ನು ಪಾಪ ಎರಡು ತಿಂಗಳಿಂದ ಸುಮ್ಮನೆ ಅನುಮಾನಿಸಿದ್ದೆ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಮಾದಪ್ಪ ಮಾಳಿಗೆ ಹತ್ತೋಣ ಎಂದ. ಏಣಿಯ ಬಗ್ಗೆ, ಮಾಳಿಗೆಯ ಬಗ್ಗೆ, ಗುಮ್ಮಟದ ಬಗ್ಗೆ ನನಗಿದ್ದ ಅಭಿಪ್ರಾಯಗಳನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವನು ಮೇಲಿದ್ದ. ನಾನೂ ಹತ್ತಿದೆ, ಕಣ್ಣು ಮುಚ್ಚಿಕೊಂಡು, ಮೆಟ್ಟಿಲು ಎಣಿಸಿಕೊಂಡು. ರಸ್ತೆ ಬದಿಯ ಅಂಚಿನಲ್ಲಿ ಮಾದಪ್ಪ ಹಳೆಯ ಗಾರೆಯನ್ನು ಕೆರೆಯುತ್ತ ಹೋದ. ಗಾರೆಯ ಅಡಿಯಲ್ಲಿ ಎರಡು ಗೋಡೆಗಳ ತಲೆಗಳು ಕಂಡವು. ಒಂದು ರಸ್ತೆಯ ಜೊತೆ ನೇರ ಹೋಗುತ್ತಿತ್ತು. ಇನ್ನೊಂದು ದಕ್ಷಿಣದ ಮೂಲೆಯಲ್ಲಿ ಅದನ್ನು ಬಿಟ್ಟು, ಕತ್ತರಿ ಬಾಯಿ ತೆರೆದಂತೆ ದೂರ ದೂರವಾಗುತ್ತ ಹೋಗಿತ್ತು. ನಡುವೆ ಬೆಣೆಯಾಕಾರದ ಜಾಗ, ಅದರ ತುಂಬ ಬರೀ ಮಣ್ಣು, ಜಲ್ಲಿ. ಪಾರಸದ ಮೇಸ್ತ್ರಿ ತನ್ನ ಗೋಡೆಯನ್ನು ಕಾಬಾಕ್ಕೆ ತಿರುಗಿಸಿ, ದಾರಿಹೋಕರಿಗೆ ಡೊಂಕು ಕಾಣದಿರಲೆಂದು ರಸ್ತೆಗೆ ಸಮನಾಗಿ ಇನ್ನೊಂದು ಗೋಡೆ ಕಟ್ಟಿದ್ದ. ಅದನ್ನು ಕಟ್ಟುವುದನ್ನು ಕಂಡವರು ಸೊಟ್ಟ ಎಂದರು. ಕಂಡವರು ಸತ್ತರು, ಹೆಸರು ಉಳಿಯಿತು.

ಮಾದಪ್ಪ ಹೊರಗೋಡೆಯನ್ನು ಕೈಯಿಂದ ತಟ್ಟಿದ. “ಇದು ಗೋಡೆ ಅಲ್ಲ ಕಣಿ ಸಾಮಿ. ಗೋಡೆಗೆ ತೊಡ್ಸಿರೋ ಅಂಗಿ.”

ಅಳೆದೆ. ಮೂರಡಿಯ ನಿಜವಾದ ಗೋಡೆ ಬಿಟ್ಟರೆ ಉತ್ತರದ ತುದಿಯಲ್ಲಿ ಹದಿಮೂರು ಅಡಿ ಮಣ್ಣು. ರಸ್ತೆಗೆ ಬೇಕಾದದ್ದು ಹನ್ನೆರಡು. ಒಂದಡಿ ಉಳಿಯುತ್ತಿತ್ತು. ಮೆಹರಾಬನ್ನು ಮುಟ್ಟಬೇಕಾಗಿಲ್ಲ, ಬಾವಿಯನ್ನೂ ಮುಟ್ಟಬೇಕಾಗಿಲ್ಲ. ಅಂಗಿ ಕಳಚಿ ಬಾಗ್ಲು ಹಿಂದಕ್ಕೆ ಇಟ್ರೆ ಆಯ್ತು ಎಂದ ಮಾದಪ್ಪ.

ಉಳಿದದ್ದು ಒಂದೇ. ನಾನು ಕಳಿಸಿದ ನಕ್ಷೆ ಸುಳ್ಳು ಎಂದು ನಾನೇ ದೊಡ್ಡ ಇಂಜಿನಿಯರಿಗೆ ಹೇಳಬೇಕು. ಆ ಮನುಷ್ಯ ಒಂದು ಅಂಗುಲದ ತಪ್ಪಿಗೆ ಒಬ್ಬನನ್ನು ಮನೆಗೆ ಕಳಿಸಿದ್ದರೆಂಬ ಸುದ್ದಿ ಇತ್ತು. ನನ್ನದು ಹದಿಮೂರು ಅಡಿ. ಅಂಗುಲ ಲೆಕ್ಕದಲ್ಲಿ ನೂರೈವತ್ತಾರು. ಆ ವಾರ ಹೊಸ ನಕ್ಷೆ ಬರೆದೆ. ನೋಡಲು ಅಸಹ್ಯವಾಗಿತ್ತು, ಯಾವ ಮೂಲೆಯೂ ಮೂಲೆಮಟ್ಟಕ್ಕಿಲ್ಲ. ಅದರ ಪಕ್ಕಕ್ಕೆ ರಾಜೀನಾಮೆಯ ಒಕ್ಕಣೆಯನ್ನೂ ಎರಡು ರೀತಿ ಬರೆದಿಟ್ಟುಕೊಂಡೆ, ಒಂದು ಮರ್ಯಾದೆಯದು, ಒಂದು ಅಳುವಂಥದು.

ಇಂಜಿನಿಯರು ಜೀಪಿನಲ್ಲಿ ಬಂದಿಳಿದಾಗ ಬಿಸಿಲು ಏರಿತ್ತು. ನಂಜುಂಡಪ್ಪನವರು ಬಾವಿಕಟ್ಟೆಯ ಹತ್ತಿರ, ಮಸೀದಿಯವರು ಬಾಗಿಲ ಹತ್ತಿರ, ನಡುವೆ ರಸ್ತೆಯ ಮೇಲೆ ನಾನು, ಎರಡು ನಕ್ಷೆ ಹಿಡಿದು. ಅವರು ಎರಡನ್ನೂ ಜೀಪಿನ ಮೂತಿಯ ಮೇಲೆ ಹರಡಿಸಿದರು. ಇದನ್ನು ಬರೆದವರು ಯಾರು ಎಂದರು. ನಾನೇ ಸರ್ ಎಂದೆ. ಇದನ್ನು? ಅದೂ ನಾನೇ ಸರ್.

“ಎರಡರಲ್ಲಿ ಸುಳ್ಳು ಯಾವುದು?”

“ಚೆನ್ನಾಗಿ ಕಾಣೋದು, ಸರ್.”

ಅವರು ಟೋಪಿ ತೆಗೆದು ನನ್ನನ್ನು ನೋಡಿದರು. ದಿಕ್ಸೂಚಿ ಸರಿಯಾಗಿ ತೋರಿಸಿರಲಿಲ್ಲವೇ ಎಂದು ಕೇಳಿದರು. ತೋರಿಸಿತ್ತು, ನಾನು ನಂಬಲಿಲ್ಲ ಎಂದೆ. ಯಾಕೆ ಎಂದರು. ಬೀಗದ ಕೈ ವಿಷಯ ಹೇಳಿದೆ. ಸುತ್ತ ನಿಂತವರೆಲ್ಲ ನನ್ನ ಸೊಂಟದ ಕಡೆ ನೋಡಿದರು. ಗೊಂಚಲು ಆವತ್ತೂ ಅಲ್ಲೇ ಇತ್ತು.

ಇಂಜಿನಿಯರು ಏಣಿ ಹತ್ತಿದರು. ಐವತ್ತು ದಾಟಿದ ಭಾರಿ ಆಳು, ನನಗಿಂತ ಸಲೀಸಾಗಿ ಹತ್ತಿದರು. ತಾವೇ ಅಳತೆ ಹಿಡಿದರು. ಮೇಲೆ ಬಹಳ ಹೊತ್ತು ಇದ್ದರು. ಮುನ್ಷಿ ಸಾಹೇಬರು ಬಿಸಿಲಲ್ಲಿ ಕೋಲೂರಿ ನಿಂತೇ ಇದ್ದದ್ದನ್ನು ನೋಡಿ ನಂಜುಂಡಪ್ಪನವರು ರಸ್ತೆ ದಾಟಿ ಬಂದು ಅವರನ್ನು ತೋಳು ಹಿಡಿದು ಕಲ್ಲಿನ ಮೇಲೆ ಕೂರಿಸಿದರು. ಇಳಿದು ಬಂದ ಇಂಜಿನಿಯರು ಕೈಯ ಸುಣ್ಣ ಝಾಡಿಸಿಕೊಂಡು ಚೆಂದದ ನಕ್ಷೆಯನ್ನು ಮಡಿಸಿ ನನಗೆ ವಾಪಸು ಕೊಟ್ಟರು.

“ಇದನ್ನು ಮನೇಲಿ ತೂಗುಹಾಕ್ಕೊಳ್ಳಿ,” ಎಂದರು. ಕೊಳಕು ನಕ್ಷೆಯ ಮೂಲೆಯಲ್ಲಿ ರುಜು ಹಾಕಿದರು.

ಮಾಘದ ಮೊದಲಲ್ಲಿ ಹೊರಗೋಡೆ ಬಿಚ್ಚಿದರು. ಮಣ್ಣನ್ನು ಗಾಡಿಗಳಲ್ಲಿ ಹೊತ್ತು ರಸ್ತೆಗೇ ಸುರಿದರು. ಅಷ್ಟು ಕಾಲ ಕತ್ತಲಲ್ಲಿ ನಿಂತಿದ್ದ ಒಳಗೋಡೆಯ ಬೆನ್ನು ಮೊದಲ ಸಲ ಬಿಸಿಲು ಕಂಡಿತು. ರಸ್ತೆಗೆ ಓರೆಯಾಗಿ, ಯಾರ ಮುಲಾಜೂ ಇಲ್ಲದೆ. ಅದಕ್ಕೆ ಗಾರೆ ಮಾಡಬೇಕು ಎಂದಾಗ ನಂಜುಂಡಪ್ಪನವರು ಆಲೆಮನೆಯಿಂದ ಬೆಲ್ಲ ಕಳಿಸಿದರು, ಅಳಲೆಕಾಯಿ ಹಂಗಳದ ಕಡೆಯಿಂದ ಬಂತು, ನೀರು ಎದುರಿನ ಬಾವಿಯದು. ಮಾದಪ್ಪ ರುಬ್ಬುತ್ತ, ಇನ್ನು ಮೇಲೆ ಪಾರಸೀಲೇ ಕೂಲಿ ಕೇಳ್ತೀನಿ, ಆ ಮಾತನ್ನೂ ಕಲಿಸಿ ಎಂದು ಮುನ್ಷಿ ಸಾಹೇಬರನ್ನು ಪೀಡಿಸುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ನನ್ನ ನೌಕರಿ ಖಾಯಮಾದ ಕಾಗದ ಬಂತು. ಅದು ನನ್ನದೇ ಹೆಸರಿನ ಬೇರೆ ಯಾರದೋ ಇರಬಹುದೆಂದು ಎರಡು ದಿನ ಯಾರಿಗೂ ಹೇಳಲಿಲ್ಲ.

ಕೊನೆಯ ಕೆಲಸ ಬಾಗಿಲನ್ನು ಹನ್ನೆರಡು ಅಡಿ ಹಿಂದಕ್ಕೆ ಸರಿಸಿ ಕೂರಿಸುವುದು. ಹೊಸ ರಸ್ತೆ ಹಳೆಯದಕ್ಕಿಂತ ಒಂದು ಗೇಣು ಎತ್ತರ. ಮಳೆ ಬಂದರೆ ನೀರೆಲ್ಲ ಓಣಿಗೆ ನುಗ್ಗಿ, ಅಂಗಳ ತುಂಬಿ, ಚಾಪೆ ತೇಲಿ, ಇಷ್ಟು ಕಷ್ಟಪಟ್ಟು ಉಳಿಸಿದ್ದು ನೀರಿಗೆ ಹೋಗುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ನೀರು ಒಳಗೆ ಬರದಂತೆ ಹೊಸ್ತಿಲನ್ನು ಚೌಕಟ್ಟಿನ ಸಮೇತ ಅರ್ಧ ಅಂಗುಲ ರಸ್ತೆಯ ಕಡೆಗೆ ವಾಲಿಸಿ ಕೂರಿಸು ಎಂದೆ. ಬ್ಯಾಡಿ ಸಾಮಿ, ಬಾಗ್ಲು ನಿಲ್ಲಾಕಿಲ್ಲ ಎಂದ ಮಾದಪ್ಪ. ನಾನು ಕೇಳಲಿಲ್ಲ. ಆ ತಿಂಗಳು ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಂದು ಸಲ ಸರಿಯಾದವನಿಗೆ ಬರುವ ಕೊಬ್ಬು.

ಗಾರೆ ಒಣಗಿದ ದಿನ ಮುನ್ಷಿ ಸಾಹೇಬರು ಒಳಗಿನಿಂದ ಬಾಗಿಲು ಮುಚ್ಚಿದರು. ಅದು ಒಂದು ಗಳಿಗೆ ನಿಂತು, ಯೋಚಿಸಿ, ತಾನಾಗಿಯೇ ತೆರೆದುಕೊಂಡಿತು. ಮತ್ತೆ ಮುಚ್ಚಿದರು. ಮತ್ತೆ ತೆರೆದುಕೊಂಡಿತು. ನಾಳೆಯೇ ಬಿಚ್ಚಿ ಸರಿಮಾಡಿಸುತ್ತೇನೆ ಎಂದು ನಾನು ತೊದಲಿದೆ. ಮಾದಪ್ಪ ಒಂದು ಚಪ್ಪಟೆ ಕಲ್ಲು ಹೊತ್ತು ತಂದು ಬಾಗಿಲಿಗೆ ಒತ್ತಿಟ್ಟ. ಬಾಗಿಲು ನಿಂತಿತು. ಸಾಹೇಬರು ಕಲ್ಲನ್ನು ನೋಡಿದರು, ಕೂರಲು ಎತ್ತರ ಸರಿಯಾಗಿದೆ ಎಂದು ಹೇಳಿ, ಬಾಗಿಲನ್ನು ಅದರ ಪಾಡಿಗೆ ಬಿಟ್ಟು, ಕಲ್ಲನ್ನು ಗೋಡೆಯ ಪಕ್ಕಕ್ಕೆ ಇಡಿಸಿಕೊಂಡು, ಅದರ ಮೇಲೆ ಕುಳಿತು ಚಪ್ಪಲಿ ಬಿಚ್ಚಿದರು. ಹೋದ ಯುಗಾದಿಗೆ ಆ ಕಡೆ ಹೋಗಿದ್ದೆ. ಸಾಹೇಬರಿಲ್ಲ. ಬೇರೆ ಯಾರೋ ಕಲ್ಲಿನ ಮೇಲೆ ಕುಳಿತು ಚಪ್ಪಲಿ ಬಿಚ್ಚುತ್ತಿದ್ದರು. ಬಾಗಿಲು ತೆರೆದೇ ಇತ್ತು.